ಅರ್ಧ ಆಣೆಯ ಕರ ಮತ್ತು ಶಾಲೆಯ ಬೀಗ ಹಾಕಿದ ಕಪಾಟು

ನಮ್ಮ ಕಡೆಯ ಬಟ್ಟೆ ಅಂಗಡಿಯವರಿಗೆ ತಿರುಪ್ಪೂರು ಎಂದರೆ ಬನಿಯನ್ ಮತ್ತು ಟೀ ಶರ್ಟು. ಹಬ್ಬದ ಮೊದಲು ರೈಲು ಹತ್ತಿ ಬಂದು, ಸರಕು ಆರಿಸಿ, ಪಾರ್ಸೆಲ್‌ಗೆ ಹಾಕಿ ಹೋಗುವ ಊರು. ಆದರೆ ತಿರುಪ್ಪೂರಿನಿಂದ ನಮ್ಮ ದಕ್ಷಿಣ ಕನ್ನಡಕ್ಕೆ ಇನ್ನೊಂದು ದೊಡ್ಡ ವಸ್ತು ಬಂದಿದೆ. ಅದಕ್ಕೆ ಬಿಲ್ಲೂ ಇಲ್ಲ, ಪಾರ್ಸೆಲ್ಲೂ ಇಲ್ಲ. ಅದು ಗ್ರಂಥಾಲಯದ ಕಾನೂನು. 1948ರಲ್ಲಿ ಮದ್ರಾಸ್ ಪ್ರಾಂತ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗ ಶಿಕ್ಷಣ ಸಚಿವರಾಗಿದ್ದವರು ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್. 1903ರಲ್ಲಿ ಇದೇ ತಿರುಪ್ಪೂರಿನಲ್ಲಿ ಹುಟ್ಟಿದವರು. ಆಗ ನಮ್ಮ ದಕ್ಷಿಣ ಕನ್ನಡವೂ, ಅದರೊಳಗಿದ್ದ ಕಾಸರಗೋಡೂ ಮದ್ರಾಸಿಗೆ ಸೇರಿದ್ದವು. ಹಾಗಾಗಿ ಆ ಕಾನೂನು ನಮ್ಮ ಅಜ್ಜಂದಿರ ಊರುಗಳಿಗೂ ಅನ್ವಯವಾಯಿತು.

ನಾನು ತಿರುಪ್ಪೂರಿನಿಂದ ಸುಮಾರು 30 ಕಿಲೋಮೀಟರ್ ದೂರದ ಕಾಂಗೇಯಂನಲ್ಲಿ ಇದ್ದೇನೆ. ಇದು ಕಾಂಗೇಯಂ ತಳಿಯ ಹೋರಿಗಳಿಗೆ ಹೆಸರಾದ ಊರು. ಈಗ ಅಕ್ಕಿ ಗಿರಣಿಗಳೂ ಕೊಬ್ಬರಿ ಎಣ್ಣೆಯ ಮಿಲ್ಲುಗಳೂ ತುಂಬಿವೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅಲ್ಲಿ ಇಲ್ಲಿ ದುಡಿದ ಮೇಲೆ ಇಲ್ಲಿನ ಒಂದು ಎಣ್ಣೆ ಮಿಲ್ಲಿನಲ್ಲಿ ಯಂತ್ರಗಳ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದೇನೆ. ಬಾಪನದ್ದು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ದಿನಸಿ ಅಂಗಡಿ. ನಾನು ಓದಿದ್ದು ಆ ಅಂಗಡಿಯ ಎದುರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ.

ಈ ಲೇಖನ ಬರೆಯಲು ಕಾರಣವಿದೆ. ಆ ಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮೂರು ತಿಂಗಳಿಂದ ಒಂದು ಚರ್ಚೆ ನಡೆಯುತ್ತಿದೆ. ಗಲ್ಫಿನಲ್ಲಿರುವವರು, ಬೆಂಗಳೂರಿನಲ್ಲಿರುವವರು, ಊರಿನಲ್ಲೇ ಇರುವವರು ಸೇರಿ ಶಾಲೆಗೆ ಏನಾದರೂ ಮಾಡಬೇಕು ಎಂದು ಹಣ ಕೂಡಿಸುತ್ತಿದ್ದಾರೆ. ಹೆಚ್ಚಿನವರ ಅಭಿಪ್ರಾಯ ರಸ್ತೆ ಬದಿಗೆ ಒಂದು ದೊಡ್ಡ ದ್ವಾರ ಕಟ್ಟಿಸಬೇಕು ಎಂದು. ನಾಲ್ಕೈದು ಜನ ಮಾತ್ರ ಗ್ರಂಥಾಲಯ ಎನ್ನುತ್ತಿದ್ದೇವೆ. ‘ಈಗ ಮೊಬೈಲ್ ಇದೆ, ಪುಸ್ತಕ ಯಾರು ಓದುತ್ತಾರೆ’ ಎಂಬುದು ಒಂದು ಪ್ರಶ್ನೆ. ‘ಪಂಚಾಯತಿನ ಲೈಬ್ರರಿ ಇದೆಯಲ್ಲ, ಶಾಲೆಗೆ ಬೇರೆ ಯಾಕೆ’ ಎಂಬುದು ಇನ್ನೊಂದು. ‘ಪುಸ್ತಕ ಕೊಟ್ಟರೆ ಕಪಾಟಿನಲ್ಲಿ ಬೀಗ ಹಾಕಿ ಇಡುತ್ತಾರೆ, ಹಣ ದಂಡ’ ಎಂಬುದು ಮೂರನೆಯದು. ಮೂರೂ ಸುಮ್ಮನೆ ತಳ್ಳಿಹಾಕುವ ಪ್ರಶ್ನೆಗಳಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಶಾಲೆಯಲ್ಲೂ ಇದೇ ಚರ್ಚೆ ಇರಬಹುದು, ಇಲ್ಲದಿದ್ದರೆ ಶುರು ಮಾಡಬಹುದು.

ಮಂಗಳೂರಿನ ಗಣಿತ ಮೇಷ್ಟ್ರು

ಭಾರತದ ಗ್ರಂಥಾಲಯ ಚಳವಳಿಯ ದೊಡ್ಡ ಹೆಸರು ಎಸ್. ಆರ್. ರಂಗನಾಥನ್. 1892ರಲ್ಲಿ ಈಗಿನ ತಮಿಳುನಾಡಿನ ಶೀರ್ಕಾಳಿಯಲ್ಲಿ ಹುಟ್ಟಿದವರು. ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ ಎಂದರೆ, ಅವರು ಅಧ್ಯಾಪಕ ವೃತ್ತಿ ಆರಂಭಿಸಿದ್ದು ಮಂಗಳೂರಿನಲ್ಲಿ. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತ ಕಲಿಸಲು ಬಂದರು. ಹಂಪನಕಟ್ಟೆಯಲ್ಲಿ ಈಗ ವಿಶ್ವವಿದ್ಯಾನಿಲಯ ಕಾಲೇಜು ಎಂದು ಕರೆಯುವುದು ಅದೇ ಕಾಲೇಜನ್ನು. ಅಲ್ಲಿಂದ 1920ರಲ್ಲಿ ಕೊಯಮತ್ತೂರಿಗೆ ವರ್ಗವಾಯಿತು, ಆಮೇಲೆ ಮದ್ರಾಸಿಗೆ. ನಾನು ಬಂಟ್ವಾಳದಿಂದ ಕೊಯಮತ್ತೂರು ಕಡೆಗೆ ಬಂದ ದಾರಿಯಲ್ಲಿ ಅವರು ನೂರು ವರ್ಷ ಮೊದಲೇ ಬಂದಿದ್ದರು ಎಂದು ತಿಳಿದಾಗ ನನಗೆ ಒಂದು ತರಹದ ಖುಷಿಯಾಯಿತು.

1924ರಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದರು. ಆರಂಭದಲ್ಲಿ ಆ ಕೆಲಸ ಅವರಿಗೆ ಹಿಡಿಸಲೇ ಇಲ್ಲ. ಜನವೇ ಬಾರದ ಕೋಣೆಯಲ್ಲಿ ಕೂತು ಬೇಸರವಾಗಿ, ಪಾಠಕ್ಕೇ ಮರಳುತ್ತೇನೆ ಎಂದಿದ್ದರು. ಮೊದಲು ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬನ್ನಿ, ಆಮೇಲೆ ತೀರ್ಮಾನಿಸಿ ಎಂದು ಹೇಳಿ ಕಳಿಸಿದರು. ಅಲ್ಲಿ ಅವರು ನೋಡಿದ್ದು ಸಾಮಾನ್ಯ ಜನರು, ಮಕ್ಕಳು, ಕೆಲಸಗಾರರು ಬಂದು ಪುಸ್ತಕ ತೆಗೆದುಕೊಂಡು ಹೋಗುವ ಗ್ರಂಥಾಲಯಗಳನ್ನು. ಮರಳಿ ಬಂದ ಮೇಲೆ ಮತ್ತೆ ಗಣಿತಕ್ಕೆ ಹೋಗಲಿಲ್ಲ.

ನನ್ನಂಥ ಮೆಕ್ಯಾನಿಕಲ್ ಓದಿದವನಿಗೆ ಇಷ್ಟವಾಗುವ ಒಂದು ಘಟನೆ ಲಂಡನ್ನಿನಲ್ಲಿ ನಡೆದದ್ದು. ಒಂದು ದೊಡ್ಡ ಅಂಗಡಿಯಲ್ಲಿ ಮೆಕಾನೊ ಎಂಬ ಆಟಿಕೆಯನ್ನು ತೋರಿಸುತ್ತಿದ್ದರು. ತೂತು ಇರುವ ಪಟ್ಟಿಗಳು, ನಟ್ಟು, ಬೋಲ್ಟು, ಚಕ್ರ. ಅವೇ ತುಂಡುಗಳಿಂದ ಒಮ್ಮೆ ಕ್ರೇನ್, ಇನ್ನೊಮ್ಮೆ ಸೇತುವೆ. ಪುಸ್ತಕದ ವಿಷಯಗಳನ್ನೂ ಹೀಗೆ ಬಿಡಿ ಭಾಗಗಳಾಗಿ ಮಾಡಿ ಜೋಡಿಸಿದರೆ ಯಾವ ಹೊಸ ವಿಷಯ ಬಂದರೂ ಜಾಗ ಕೊಡಬಹುದು ಎಂದು ಅವರಿಗೆ ಹೊಳೆಯಿತು. ಭಾಗಗಳನ್ನು ಜೋಡಿಸುವ ಬೋಲ್ಟಾಗಿ ಅವರು ಬಳಸಿದ್ದು ಕೋಲನ್ ಚಿಹ್ನೆ. 1933ರಲ್ಲಿ ಹೊರಬಂದ ಅವರ ಕೋಲನ್ ವರ್ಗೀಕರಣಕ್ಕೆ ಹೆಸರು ಬಂದದ್ದು ಹೀಗೆ.

ಅದಕ್ಕಿಂತ ಎರಡು ವರ್ಷ ಮೊದಲು, 1931ರಲ್ಲಿ, ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಬರೆದರು. ನನ್ನ ಮಾತಿನಲ್ಲಿ ಹೇಳುವುದಾದರೆ: ಪುಸ್ತಕ ಇರುವುದು ಉಪಯೋಗಕ್ಕೆ, ಪ್ರತಿ ಓದುಗನಿಗೂ ಅವನಿಗೆ ಬೇಕಾದ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಹಾಳಾಗಬಾರದು, ಗ್ರಂಥಾಲಯ ಬೆಳೆಯುತ್ತಲೇ ಇರಬೇಕು. ಓದಿದರೆ ಇದರಲ್ಲೇನು ವಿಶೇಷ ಎನಿಸುತ್ತದೆ. ಆದರೆ ಮೊದಲ ಸೂತ್ರವನ್ನೇ ತೆಗೆದುಕೊಳ್ಳಿ. ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಮೇಜಿಗೆ ಕಟ್ಟಿಡುತ್ತಿದ್ದ ಕಾಲವಿತ್ತು. ಪುಸ್ತಕ ಕಾಪಾಡುವುದೇ ಕೆಲಸ ಎಂದು ತಿಳಿದವರಿಗೆ, ಕೊಡುವುದೇ ಕೆಲಸ ಎಂದು ಹೇಳಬೇಕಾಗಿತ್ತು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಇನ್ನೂ ಹೇಳಬೇಕಾಗಿದೆ.

ಅದೇ 1931ರಲ್ಲಿ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಶುರುವಾಯಿತು. ಗಾಡಿಯಲ್ಲಿ ಪುಸ್ತಕ ತುಂಬಿ ಹಳ್ಳಿಯಿಂದ ಹಳ್ಳಿಗೆ ಹೋಗುವುದು, ಕೊಡುವುದು, ಹಿಂದೆ ಪಡೆಯುವುದು. ನಮ್ಮ ಊರಿಗೆ ಒಣಮೀನಿನವರು, ಪಾತ್ರೆಯವರು, ಸೀರೆಯವರು ಬರುತ್ತಿದ್ದ ಹಾಗೆ. ಗಿರಾಕಿ ಅಂಗಡಿಗೆ ಬಾರದಿದ್ದರೆ ಅಂಗಡಿ ಗಿರಾಕಿಯ ಬಳಿಗೆ ಹೋಗಬೇಕು ಎಂಬುದು ವ್ಯಾಪಾರದಿಂದಲೇ ಹೆಸರು ಪಡೆದ ಬ್ಯಾರಿಗಳಿಗೆ ಯಾರೂ ವಿವರಿಸಬೇಕಾದ ಪಾಠವಲ್ಲ.

ಅರ್ಧ ಆಣೆ

ಒಳ್ಳೆಯ ಮನಸ್ಸಿನಿಂದ ಗ್ರಂಥಾಲಯ ತೆರೆಯಬಹುದು, ನಡೆಸಲು ಹಣ ಬೇಕು. ಇದನ್ನು ರಂಗನಾಥನ್ ಬೇಗ ಅರ್ಥ ಮಾಡಿಕೊಂಡಿದ್ದರು. 1930ರಲ್ಲೇ ಅವರು ಒಂದು ಮಾದರಿ ಮಸೂದೆ ತಯಾರಿಸಿದ್ದರು. ಆ ದಶಕದಲ್ಲಿ ಅದನ್ನು ಮದ್ರಾಸ್ ಶಾಸನಸಭೆಯಲ್ಲಿ ಮಂಡಿಸಿದವರು ಬಶೀರ್ ಅಹ್ಮದ್ ಸಯೀದ್. ಮುಂದೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾದವರು, 1955ರಲ್ಲಿ ಮದ್ರಾಸಿನಲ್ಲಿ ಹೆಣ್ಣುಮಕ್ಕಳಿಗಾಗಿ ಎಸ್‌ಐಇಟಿ ಕಾಲೇಜು ಕಟ್ಟಿದವರು. ಆ ಮಸೂದೆ ಆಗ ಕಾನೂನಾಗಲಿಲ್ಲ. ಆದರೆ ಊರಿಗೆ ಗ್ರಂಥಾಲಯ ಬೇಕು ಎಂದು ಸಭೆಯಲ್ಲಿ ಎದ್ದು ನಿಂತವರಲ್ಲಿ ಒಬ್ಬ ಮುಸ್ಲಿಂ ಪ್ರತಿನಿಧಿ ಇದ್ದರು ಎಂಬುದನ್ನು ನಾವು ನೆನಪಿಡಬೇಕು. ಗ್ರಂಥಾಲಯ ‘ಅವರ’ ವಿಷಯ, ನಮ್ಮದಲ್ಲ ಎಂಬ ಮಾತು ನಮ್ಮ ಕೆಲವು ಜಮಾಅತ್ ಸಭೆಗಳಲ್ಲಿ ಇನ್ನೂ ಕೇಳಿಬರುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷ ಅವಿನಾಶಿಲಿಂಗಂ ಅವರ ಕಾಲದಲ್ಲಿ ಕಾಯ್ದೆ ಪಾಸಾಯಿತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಅದು. ಜಾರಿಗೆ ಬಂದದ್ದು 1950ರಲ್ಲಿ. ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ, ಮತ್ತು ಅದಕ್ಕೆ ಒಂದು ಸ್ಥಿರ ಆದಾಯ: ಆಸ್ತಿ ತೆರಿಗೆ ಅಥವಾ ಮನೆ ತೆರಿಗೆಯ ಪ್ರತಿ ರೂಪಾಯಿಗೆ 6 ಪೈ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಗೆ ಅರ್ಧ ಆಣೆ. ಬೀಡಿ ಕಟ್ಟಿನ ಚಿಲ್ಲರೆಯಂಥ ಈ ಮೊತ್ತ ಎಲ್ಲ ಮನೆಗಳಿಂದ, ಎಲ್ಲ ಅಂಗಡಿಗಳಿಂದ ಸೇರಿದಾಗ ಗ್ರಂಥಾಲಯವಾಯಿತು. ಆಗಿನ ಕೊಯಮತ್ತೂರು ಜಿಲ್ಲೆಯ ಕಾಂಗೇಯಂನ ರೈತನೂ ಅದನ್ನು ಕಟ್ಟಿದ, ಮಂಗಳೂರು ಬಂದರಿನ ಬ್ಯಾರಿ ವ್ಯಾಪಾರಿಯೂ ಕಟ್ಟಿದ. ಆಗ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು.

1956ರ ನವೆಂಬರ್ 1ರಂದು ಗಡಿಗಳು ಬದಲಾದವು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದವು, ಕಾಸರಗೋಡು ಕೇರಳಕ್ಕೆ ಹೋಯಿತು. ಆದರೂ ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶದಲ್ಲಿ ಮದ್ರಾಸಿನ ಗ್ರಂಥಾಲಯ ಕಾಯ್ದೆಯೇ ಮುಂದುವರಿಯಿತು. ಇಡೀ ರಾಜ್ಯಕ್ಕೆ ಒಂದೇ ಕಾನೂನು ಆದದ್ದು 1965ರ ಗ್ರಂಥಾಲಯ ಕಾಯ್ದೆಯಿಂದ. ಕರ ಹಾಗೆಯೇ ಉಳಿಯಿತು. ಇವತ್ತು ಬೆಂಗಳೂರಿನಲ್ಲಿ ಅಂಗಡಿ ಇರುವವರು ಆಸ್ತಿ ತೆರಿಗೆಯ ರಶೀದಿ ತೆಗೆದು ನೋಡಿ. ತೆರಿಗೆಯ ಮೇಲೆ 6% ಗ್ರಂಥಾಲಯ ಕರ ಇದೆ. ಪುಸ್ತಕ ಮುಟ್ಟದವರೂ ಪುಸ್ತಕಕ್ಕೆ ಹಣ ಕೊಡುತ್ತಿದ್ದಾರೆ. ಕೊಟ್ಟ ಮೇಲೆ ಕೇಳುವ ಹಕ್ಕೂ ಇದೆ.

ಅತ್ತ ಕೇರಳದಲ್ಲಿ ದಾರಿ ಬೇರೆ. ಅಲ್ಲಿ ಪಿ. ಎನ್. ಪಣಿಕ್ಕರ್ 1945ರಲ್ಲಿ ತಿರುವಾಂಕೂರಿನಲ್ಲಿ 47 ಗ್ರಂಥಾಲಯಗಳನ್ನು ಸೇರಿಸಿ ಸಂಘ ಕಟ್ಟಿದರು. ಊರಿನ ಜನರೇ ನಡೆಸುವ ವಾಚನಾಲಯಗಳು. ಅವರ ನೆನಪಿಗಾಗಿ ಜೂನ್ 19ರಂದು ಕೇರಳದ ಶಾಲೆಗಳು ಓದುವ ದಿನ ಆಚರಿಸುತ್ತವೆ. ಕಾಸರಗೋಡಿನಲ್ಲಿರುವ ನಮ್ಮ ಸಂಬಂಧಿಕರ ಮಕ್ಕಳಿಗೆ ಇದು ಗೊತ್ತಿರುತ್ತದೆ.

ಶಾಲೆಗೆ ಯಾಕೆ ಬೇರೆ?

ಇಲ್ಲಿ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಪಂಚಾಯತಿನ ಗ್ರಂಥಾಲಯ ಇರುವಾಗ ಶಾಲೆಗೆ ಯಾಕೆ? ಪಂಚಾಯತಿನದ್ದು ನಿಜವಾಗಿಯೂ ಸುಧಾರಿಸಿದೆ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ, 2020ರ ನವೆಂಬರ್ 14ರಂದು ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಒಳ್ಳೆಯ ಕೆಲಸ.

ಆದರೆ ಸಾರಾ ಅಬೂಬಕ್ಕರ್ ಅವರನ್ನು ನೆನಪಿಸಿಕೊಳ್ಳಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡದಲ್ಲಿ ಶಾಲೆ ಕಲಿತರು. ಆ ಕಾಲಕ್ಕೆ ನಮ್ಮ ಹುಡುಗಿಯರಿಗೆ ಅದೇ ಅಪರೂಪ. ಮುಂದೆ ಓದುವ ಆಸೆ ಇದ್ದರೂ ಸಮುದಾಯದ ಕಟ್ಟುಪಾಡು ಬಿಡಲಿಲ್ಲ. ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ ಮಾತ್ರ ಎಂದು ಅವರೇ ಹೇಳಿದ್ದಾರೆ. ಆಗ ಅವರಿಗೆ ಸುಮಾರು 27 ವರ್ಷ. ಅದಾಗಿ ಎರಡು ದಶಕದೊಳಗೆ ಅವರು ‘ಚಂದ್ರಗಿರಿಯ ತೀರದಲ್ಲಿ’ ಬರೆದರು, ಕನ್ನಡ ಸಾಹಿತ್ಯದಲ್ಲಿ ನಮ್ಮ ಹೆಂಗಸರ ಬದುಕು ಮೊದಲ ಬಾರಿಗೆ ಅಷ್ಟು ಗಟ್ಟಿಯಾಗಿ ಕೇಳಿಸಿತು. 2023ರಲ್ಲಿ ಅವರು ತೀರಿಕೊಂಡಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. ಆ 1963ರ ಬಗ್ಗೆ ಯಾರೂ ಬರೆದದ್ದು ನಾನು ನೋಡಲಿಲ್ಲ.

ಒಂದು ಗ್ರಂಥಾಲಯ ಊರಿನಲ್ಲಿ ಇರುವುದು ಬೇರೆ, ಒಂದು ಹುಡುಗಿ ಅಲ್ಲಿಗೆ ಹೋಗಲು ಸಾಧ್ಯವಾಗುವುದು ಬೇರೆ. ಪಂಚಾಯತ್ ಗ್ರಂಥಾಲಯ ಪೇಟೆಯಲ್ಲಿರುತ್ತದೆ. ನಮ್ಮ ಮಕ್ಕಳ ದಿನ ಬೆಳಿಗ್ಗೆ ಮದ್ರಸದಿಂದ ಶುರುವಾಗುತ್ತದೆ, ಆಮೇಲೆ ಶಾಲೆ, ಸಂಜೆ ಮನೆ. ಹುಡುಗಿಯನ್ನು ಸಂಜೆ ಪೇಟೆಗೆ ಒಬ್ಬಳೇ ಕಳಿಸುವ ಉಮ್ಮಂದಿರು ಈಗಲೂ ಕಡಿಮೆ. ಆದರೆ ಶಾಲೆಗೆ ಹೋಗಲು ಅವಳು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಅಲ್ಲೇ ಪುಸ್ತಕ ಇದ್ದರೆ, ಅದನ್ನು ಚೀಲದಲ್ಲಿ ಹಾಕಿ ಮನೆಗೆ ತಂದರೆ, ಆ ಪುಸ್ತಕವನ್ನು ಉಮ್ಮನೂ ಓದುತ್ತಾಳೆ.

ಕಾನೂನೂ ಇದನ್ನೇ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಇರಲೇಬೇಕಾದ ವಸ್ತುಗಳ ಪಟ್ಟಿ ಇದೆ. ಪ್ರತಿ ಶಾಲೆಯಲ್ಲಿ ಗ್ರಂಥಾಲಯ, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕ, ಜೊತೆಗೆ ಕಥೆ ಪುಸ್ತಕ. ಕಥೆ ಪುಸ್ತಕ ಎಂದು ಬೇರೆಯಾಗಿ ಹೆಸರಿಸಿ ಬರೆದಿದ್ದಾರೆ, ಗಮನಿಸಿ. ಆ ಪಟ್ಟಿಯಲ್ಲಿ ದ್ವಾರ ಇಲ್ಲ. 2018-19ರಿಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರಕಾರಿ ಶಾಲೆಗಳಿಗೆ ಗ್ರಂಥಾಲಯ ಅನುದಾನವೂ ಸೇರಿತು: ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿ, 1ರಿಂದ 8ನೇ ತರಗತಿ ಇರುವ ಶಾಲೆಗೆ 13,000 ರೂಪಾಯಿವರೆಗೆ. ಮಕ್ಕಳ ಪುಸ್ತಕಕ್ಕೆ ಸರಾಸರಿ 65 ರೂಪಾಯಿ ಎಂದು ಹಿಡಿದರೆ 13,000ಕ್ಕೆ 200 ಪುಸ್ತಕ. ಐದು ವರ್ಷಕ್ಕೆ 1,000 ಪುಸ್ತಕ. ಒಂದು ಹಳ್ಳಿ ಶಾಲೆಗೆ ಇದು ಸಣ್ಣದಲ್ಲ.

ಬೀಗದ ಲೆಕ್ಕ

ಈಗ ಮೂರನೆಯ ಪ್ರಶ್ನೆ. ಪುಸ್ತಕ ಇದ್ದರೂ ಬೀಗ ಯಾಕೆ? ನಾನು ಓದಿದ ಶಾಲೆಯಲ್ಲೂ ಒಂದು ಹಸಿರು ಕಬ್ಬಿಣದ ಕಪಾಟು ಇತ್ತು. ಏಳು ವರ್ಷದಲ್ಲಿ ಅದು ಮಕ್ಕಳಿಗಾಗಿ ತೆರೆದದ್ದನ್ನು ನಾನು ನೋಡಿಲ್ಲ. ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಒರೆಸಿ ಇಡುತ್ತಿದ್ದರು. ಆಗ ಮೇಷ್ಟ್ರ ಮೇಲೆ ನಮಗೆ ಸಿಟ್ಟು. ಈಗ ಮಿಲ್ಲಿನ ಸ್ಟೋರ್ ರಿಜಿಸ್ಟರ್ ನಾನೇ ನೋಡಿಕೊಳ್ಳುವಾಗ ಅವರ ಕಷ್ಟ ಅರ್ಥವಾಗುತ್ತದೆ. ಪುಸ್ತಕ ದಾಸ್ತಾನು ವಹಿಯಲ್ಲಿ ಇರುತ್ತದೆ. ವರ್ಷಕ್ಕೊಮ್ಮೆ ಎಣಿಸಬೇಕು. ಒಂದು ಕಡಿಮೆಯಾದರೆ ಉತ್ತರ ಕೊಡಬೇಕಾದವರು ಮೇಷ್ಟ್ರು. ಮಕ್ಕಳು ಪುಸ್ತಕ ಓದಿದ್ದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ, ಕಳೆದದ್ದಕ್ಕೆ ಕೇಳುತ್ತಾರೆ. ಅಂಥ ಸ್ಥಿತಿಯಲ್ಲಿ ಬೀಗ ಹಾಕುವವನೇ ಬುದ್ಧಿವಂತ. ಜೊತೆಗೆ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಗ್ರಂಥಪಾಲಕರು ಎಂಬ ಪ್ರತ್ಯೇಕ ಕೆಲಸದವರಿಲ್ಲ. ಬಿಸಿಯೂಟ, ಹಾಲು, ಗಣತಿ, ಚುನಾವಣೆ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಅದೂ ಮೇಷ್ಟ್ರದ್ದೇ ಕೆಲಸ.

ಪುಸ್ತಕ ಕಳೆಯುವುದು ಸಹಜ ಎಂದು ಸರಕಾರಕ್ಕೇ ಗೊತ್ತಿದೆ. ಕೇಂದ್ರ ಸರಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಪುಸ್ತಕ ಕಳೆದರೆ ಅದು ಒಪ್ಪಬಹುದಾದ ನಷ್ಟ ಎಂದು ಬರೆದಿದೆ. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಕಳೆದಿರಬಾರದು, ಅಷ್ಟೇ. ಅದು ಕೇಂದ್ರದ ಕಚೇರಿ ಮತ್ತು ಸಂಸ್ಥೆಗಳಿಗೆ ಇರುವ ನಿಯಮ, ನಮ್ಮ ಹಳ್ಳಿ ಶಾಲೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಅದರ ಲೆಕ್ಕ ನೋಡಿ: ಎಷ್ಟು ಪುಸ್ತಕ ಇಟ್ಟಿದ್ದೀರಿ ಎಂಬುದರ ಮೇಲೆ ಅಲ್ಲ, ಎಷ್ಟು ಪುಸ್ತಕ ಕೊಟ್ಟಿದ್ದೀರಿ ಎಂಬುದರ ಮೇಲೆ ನಷ್ಟ ಒಪ್ಪುತ್ತಾರೆ. ಹೆಚ್ಚು ಕೊಟ್ಟವನಿಗೆ ಹೆಚ್ಚು ರಿಯಾಯಿತಿ. ಬೀಗ ಹಾಕಿದವನಿಗೆ ಒಂದು ಪುಸ್ತಕದ ರಿಯಾಯಿತಿಯೂ ಇಲ್ಲ.

ಬಾಪ ಅಂಗಡಿಯಲ್ಲಿ ಹೇಳುತ್ತಿದ್ದ ಒಂದು ಮಾತಿದೆ: ಗೋಣಿ ತುಂಬಿದ ಅಂಗಡಿ ನೋಡಿ ಸಂತೋಷ ಪಡಬೇಡ, ಗೋಣಿ ಖಾಲಿಯಾಗುತ್ತಿದೆಯಾ ನೋಡು. ಅಕ್ಕಿಯಲ್ಲಿ ಸ್ವಲ್ಪ ಚೆಲ್ಲುತ್ತದೆ, ಸ್ವಲ್ಪ ಇಲಿ ತಿನ್ನುತ್ತದೆ, ಕಡ ಕೊಟ್ಟದ್ದರಲ್ಲಿ ಸ್ವಲ್ಪ ಬರುವುದೇ ಇಲ್ಲ. ಅದಕ್ಕೆ ಹೆದರಿ ಯಾರೂ ಅಂಗಡಿ ಮುಚ್ಚುವುದಿಲ್ಲ. ಹಳ್ಳಿ ಶಾಲೆಗಳನ್ನು ನೋಡುವ ‘ಅಸರ್’ ಸಮೀಕ್ಷೆಯವರೂ ಇದೇ ರೀತಿ ನೋಡುತ್ತಾರೆ. ಗ್ರಂಥಾಲಯ ಇದೆಯೇ ಎಂದು ಮಾತ್ರ ಬರೆದುಕೊಳ್ಳುವುದಿಲ್ಲ. ತಾವು ಹೋದ ದಿನ ಮಕ್ಕಳ ಕೈಯಲ್ಲಿ ಪುಸ್ತಕ ಇತ್ತೇ ಎಂದೂ ಬೇರೆಯಾಗಿ ಗುರುತು ಹಾಕುತ್ತಾರೆ.

ಹಾಗಾಗಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ ನಮ್ಮವರಿಗೆ ನನ್ನ ವಿನಂತಿ ಇದು. ಮೇಷ್ಟ್ರನ್ನು ಬೈಯುವ ಬದಲು ಅವರ ಹೆದರಿಕೆ ತೆಗೆಯಿರಿ. ಕಳೆದ, ಹರಿದ ಪುಸ್ತಕಕ್ಕೆ ಹಳೆ ವಿದ್ಯಾರ್ಥಿ ಸಂಘ ಬದಲಿ ಪುಸ್ತಕ ಕೊಡುತ್ತದೆ ಎಂದು ಸಭೆಯಲ್ಲಿ ಠರಾವು ಮಾಡಿ ಬರೆದು ಕೊಡಿ. ವರ್ಷಕ್ಕೆ ನೂರು ಪುಸ್ತಕ ಕಳೆದರೂ ಮೇಲಿನ ಲೆಕ್ಕದಲ್ಲಿ 6,500 ರೂಪಾಯಿ. ದ್ವಾರದ ಬಣ್ಣಕ್ಕೂ ಸಾಲದ ಮೊತ್ತ.

ಮೊಬೈಲ್ ಇರುವಾಗ

ಮೊದಲ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಅದು ನನ್ನ ಮನೆಯದ್ದೇ ಪ್ರಶ್ನೆ. ನನ್ನ ಮಗಳಿಗೆ ಎಂಟು ವರ್ಷ. ಇಲ್ಲಿ ಕಾಂಗೇಯಂನಲ್ಲಿ ಓದುತ್ತಿದ್ದಾಳೆ. ಮನೆಯಲ್ಲಿ ಬ್ಯಾರಿ, ಹೊರಗೆ ತಮಿಳು, ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್. ತಮಿಳುನಾಡಿನ ಸರಕಾರಿ ಶಾಲೆಗಳಲ್ಲಿ 2022ರಿಂದ ನಾಲ್ಕು ಮತ್ತು ಐದನೇ ತರಗತಿಗೆ ‘ಊಂಜಲ್’, ಅದರ ಮೇಲಿನವರಿಗೆ ‘ತೇನ್‌ಚಿಟ್ಟು’ ಎಂಬ ಪತ್ರಿಕೆಗಳು ಬರುತ್ತಿವೆ. 2023ರಲ್ಲಿ ‘ವಾಸಿಪ್ಪು ಇಯಕ್ಕಂ’, ಅಂದರೆ ಓದಿನ ಚಳವಳಿ, ಶುರುವಾಯಿತು. ಕೆಲವೇ ಪುಟದ ತೆಳು ಪುಸ್ತಕಗಳು. ಓದಲು ಬರುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತ: ಒಳಗೆ ಬಾ, ನಡೆ, ಓಡು, ಹಾರು ಎಂಬ ಅರ್ಥದ ತಮಿಳು ಹೆಸರುಗಳು. ತರಗತಿ ಎಷ್ಟು ಎಂದು ಕೇಳದೆ ಓದು ಎಲ್ಲಿದೆ ಎಂದು ನೋಡಿ ಪುಸ್ತಕ ಕೊಡುವುದು. ಐದನೇ ತರಗತಿಯಲ್ಲಿದ್ದರೂ ಓದಲು ತಡವರಿಸುವ ಮಗುವಿಗೆ ಅವಮಾನವಾಗದ ರೀತಿ. ನಮ್ಮ ಬೀದಿಯ ಮಕ್ಕಳು ಇಂಥ ಪುಸ್ತಕ ಮನೆಗೆ ತಂದರೆ ನನ್ನ ಮಗಳು ಜೊತೆಗೆ ಕೂತು ಓದುತ್ತಾಳೆ. ಮೊಬೈಲ್ ಆ ಮನೆಗಳಲ್ಲೂ ಇದೆ.

ಮೊಬೈಲ್ ಬೇಡ ಎಂದು ನಾನು ಹೇಳುವುದಿಲ್ಲ. ನಾನು ಕಲಿತ ಅರ್ಧ ಕೆಲಸ ಯೂಟ್ಯೂಬಿನಿಂದಲೇ. ಆದರೆ ಓದಲು ಬಾರದ ಮಗುವಿಗೆ ಮೊಬೈಲ್ ಚಿತ್ರ ಮತ್ತು ಸದ್ದು ಮಾತ್ರ ಕೊಡುತ್ತದೆ. ಓದು ಬರುವುದು ಓದಿಯೇ. ಬೇರಿಂಗಿಗೆ ಗ್ರೀಸ್ ಹಾಕುವುದನ್ನು ನೋಡಿ ಯಾರ ಕೈಯೂ ಪಳಗುವುದಿಲ್ಲ.

ನನಗೆ ಕೊರೆಯುವ ವಿಷಯ ಬೇರೆ. ನನ್ನ ಮಗಳು ಬ್ಯಾರಿಯಲ್ಲಿ ಜಗಳ ಆಡುತ್ತಾಳೆ, ಬ್ಯಾರಿಯಲ್ಲಿ ಕನಸು ಹೇಳುತ್ತಾಳೆ, ಆದರೆ ಈ ಪುಟದಲ್ಲಿರುವ ಒಂದು ಬ್ಯಾರಿ ಸಾಲನ್ನೂ ಓದಲಾರಳು. ಯಾಕೆಂದರೆ ಇಲ್ಲಿ ನಾವು ಬ್ಯಾರಿ ಬರೆಯುವುದು ಕನ್ನಡ ಅಕ್ಷರದಲ್ಲಿ. ಕನ್ನಡ ಅಕ್ಷರ ಹೋದರೆ ನಮಗೆ ಬರೆದ ಬ್ಯಾರಿಯೂ ಹೋಗುತ್ತದೆ. ಇದು ಹೊರನಾಡಿನಲ್ಲಿರುವವರ ಕಷ್ಟ ಮಾತ್ರ ಎಂದು ತಿಳಿಯಬೇಡಿ. ಊರಿನಲ್ಲೂ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ನಮ್ಮ ಎಷ್ಟೋ ಮಕ್ಕಳು ಕನ್ನಡವನ್ನು ಪರೀಕ್ಷೆಗೆ ಬೇಕಾದಷ್ಟು ಮಾತ್ರ ಓದುತ್ತಾರೆ. ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಿಂದ ಪುಸ್ತಕ ತರುತ್ತಿದೆ. ಓದುವ ಮಕ್ಕಳನ್ನು ತಯಾರು ಮಾಡದಿದ್ದರೆ ಆ ಪುಸ್ತಕಗಳು ನಮ್ಮ ಮದುವೆ ಹಾಲ್‌ಗಳಲ್ಲಿ ಗಣ್ಯರಿಗೆ ಕೊಡುವ ನೆನಪಿನ ಕಾಣಿಕೆಗಳಾಗಿ ಮಾತ್ರ ಉಳಿಯುತ್ತವೆ.

ನಮ್ಮ ಜಿಲ್ಲೆಗೆ ಮಕ್ಕಳ ಪುಸ್ತಕದ ಬಡತನ ಎಂದೂ ಇರಲಿಲ್ಲ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರ್ ಆಗಿ ಊರೂರು ತಿರುಗಿದವರು, ಮಕ್ಕಳಿಗೆ ಓದಲು ಏನೂ ಇಲ್ಲ ಎಂದು ಕಂಡು ತಾವೇ ಕಥೆ, ಪದ್ಯ ಬರೆದವರು. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟ ಬರೆದರು. ಇಷ್ಟು ದೊಡ್ಡವರು ಮಕ್ಕಳಿಗಾಗಿ ಬರೆದ ಜಿಲ್ಲೆಯಲ್ಲಿ ಪುಸ್ತಕ ಕಪಾಟಿನೊಳಗೆ ಉಳಿದರೆ ತಪ್ಪು ಬರೆದವರದ್ದಲ್ಲ.

ಓದಲು ಸಿಗದವರು ಕಟ್ಟಿದ್ದು

ನಮ್ಮ ಹರೇಕಳ ಹಾಜಬ್ಬರ ಕಥೆ ಈ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಉತ್ತರಿಸಲಾಗಲಿಲ್ಲ. ಆ ಸಂಕಟದಿಂದ ನ್ಯೂಪಡ್ಪುವಿನಲ್ಲಿ 2000ದಲ್ಲಿ 28 ಮಕ್ಕಳ ಶಾಲೆ ಬಂತು, 2020ರಲ್ಲಿ ಪದ್ಮಶ್ರೀ ಬಂತು. ಮೈಸೂರಿನ ರಾಜೀವ್‌ನಗರದ ಸೈಯದ್ ಇಸಾಕ್ ಅವರದ್ದೂ ಅಂಥದೇ ದಾರಿ. ಶಾಲೆಗೆ ಹೋಗಲಾಗದ ಕೂಲಿ ಕಾರ್ಮಿಕ ತನ್ನ ಬಡಾವಣೆಯಲ್ಲಿ ಕನ್ನಡ ಪುಸ್ತಕಗಳ ಗ್ರಂಥಾಲಯ ಕಟ್ಟಿದರು. 2021ರ ಏಪ್ರಿಲ್ 9ರ ನಸುಕಿನಲ್ಲಿ ಅದು ಸುಟ್ಟುಹೋಯಿತು, ಸುಮಾರು 11,000 ಪುಸ್ತಕಗಳು ಬೂದಿಯಾದವು. ಅವರು ಮತ್ತೆ ಪುಸ್ತಕ ಕೂಡಿಸಲು ಶುರು ಮಾಡಿದರು. ಇಬ್ಬರ ಬಳಿಯೂ ಹಣ ಇರಲಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಣ ಇದೆ, ಅದನ್ನು ಸಿಮೆಂಟಿಗೆ ಹಾಕುವುದೇ ಪುಸ್ತಕಕ್ಕೆ ಹಾಕುವುದೇ ಎಂಬುದಷ್ಟೇ ತೀರ್ಮಾನ ಆಗಬೇಕು.

ನಮ್ಮ ಸಂಘದ ಮುಂದಿನ ಸಭೆಗೆ ನಾನು ಕಳಿಸುತ್ತಿರುವ ಪ್ರಸ್ತಾವ ಹೀಗಿದೆ. ಹೊಸ ಕಟ್ಟಡ ಬೇಡ. ತರಗತಿಯ ಗೋಡೆಗೆ ಮಗುವಿನ ಎದೆ ಎತ್ತರದಲ್ಲಿ ಬಾಗಿಲಿಲ್ಲದ ಹಲಗೆಗಳು. ನಮ್ಮಲ್ಲೇ ಮೂವರು ಬಡಗಿಗಳಿದ್ದಾರೆ. ಪುಸ್ತಕದ ಬೆನ್ನಲ್ಲ, ಮುಖ ಕಾಣುವಂತೆ ಇಡುವುದು. ವಾರಕ್ಕೆ ಒಂದು ಪೀರಿಯಡ್ ಓದಿಗೆ ಮಾತ್ರ, ಮತ್ತು ಪುಸ್ತಕ ಮನೆಗೆ ಕೊಡುವ ರಿಜಿಸ್ಟರ್ ಬರೆಯಲು ಆರು, ಏಳನೇ ತರಗತಿಯ ಇಬ್ಬರು ಮಕ್ಕಳು, ಅವರಲ್ಲಿ ಒಬ್ಬಳು ಹುಡುಗಿ. ಸಂಘದವರು ಶಾಲೆಗೆ ಹೋದಾಗ ನೋಡಬೇಕಾದದ್ದು ದಾಸ್ತಾನು ವಹಿ ಅಲ್ಲ, ಈ ರಿಜಿಸ್ಟರ್. ಸರಕಾರದ ಅನುದಾನದಲ್ಲಿ ಯಾವ ಪುಸ್ತಕ ಬಂತು ಎಂದು ವರ್ಷಕ್ಕೊಮ್ಮೆ ಕೇಳುವುದು. ತಿಂಗಳಿಗೊಮ್ಮೆ ಮಕ್ಕಳನ್ನು ಸಾಲಾಗಿ ಪಂಚಾಯತ್ ಗ್ರಂಥಾಲಯಕ್ಕೂ ಕರೆದುಕೊಂಡು ಹೋಗುವುದು. ದಾರಿ ಅಭ್ಯಾಸವಾದರೆ ದೊಡ್ಡವರಾದ ಮೇಲೂ ಹೋಗುತ್ತಾರೆ.

ಹಣ ಕೊಡಲಾಗದವರಿಗೂ ಒಂದು ಕೆಲಸವಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ‘ಸ್ಟೋರಿವೀವರ್’ ಎಂಬ ತಾಣ ತೆರೆಯಿತು. ಅಲ್ಲಿ ಕನ್ನಡವೂ ಸೇರಿ ಹತ್ತಾರು ಭಾಷೆಗಳಲ್ಲಿ ಚಿತ್ರಗಳಿರುವ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ, ಪ್ರಿಂಟ್ ಹಾಕಬಹುದು. ಮೂಲ ಲೇಖಕರ, ಚಿತ್ರಕಾರರ ಹೆಸರು ಹಾಕಿದರೆ ಯಾವ ಭಾಷೆಗೂ ಅನುವಾದ ಮಾಡಬಹುದು. ಇಲ್ಲಿ ಬ್ಯಾರಿಯಲ್ಲಿ ಬರೆಯುವವರು ತಿಂಗಳಿಗೆ ಒಂದು ಕಥೆಯನ್ನು ಬ್ಯಾರಿಗೆ ತಂದರೂ, ಕನ್ನಡ ಅಕ್ಷರದಲ್ಲಿ, ಎಡಪುಟ ಬ್ಯಾರಿ ಬಲಪುಟ ಕನ್ನಡ ಎಂದು ಹೊಲಿಗೆ ಹಾಕಿ ಕೊಟ್ಟರೂ, ವರ್ಷಕ್ಕೆ ಹನ್ನೆರಡು ಪುಸ್ತಕ. ಮನೆಯಲ್ಲಿ ಆಡುವ ಮಾತೇ ಪುಸ್ತಕದಲ್ಲಿ ಕಂಡಾಗ ಮಗುವಿಗೆ ಅಕ್ಷರ ಬೇಗ ಹತ್ತುತ್ತದೆ. ಮೊದಲನೆಯದನ್ನು ನಾನು ಮಗಳ ಜೊತೆ ಕೂತು ಶುರು ಮಾಡಿದ್ದೇನೆ. ಆನೆಯ ಕಥೆ, ಹದಿನಾಲ್ಕು ಸಾಲು. ಬ್ಯಾರಿ ಮಾತು ಅವಳು ಹೇಳುತ್ತಾಳೆ, ಕನ್ನಡ ಅಕ್ಷರ ನಾನು ತೋರಿಸುತ್ತೇನೆ. ಇಲ್ಲಿಯವರೆಗೆ ಆರು ಸಾಲು ಆಗಿದೆ.